ಬಾನಿನ ಬೆಳಕು, ಬೆಟ್ಟದ ನೆರಳು

ಸೂರ್ಯಕಿರಣದಿಂದ ಚಿತ್ರವನ್ನು ಪಡೆಯುವ ವಿದ್ಯೆಗೆ ಯುರೋಪಿನವರು ಇಟ್ಟ ಹೆಸರಿನಲ್ಲಿ ಬೆಳಕೇ ಪ್ರಧಾನ. ನಮ್ಮವರು ಅದನ್ನು ಛಾಯಾಚಿತ್ರವೆಂದು ಕರೆದು ಅಗ್ರಪೂಜೆಯನ್ನು ನೆರಳಿಗೆ ಸಲ್ಲಿಸಿದರು. ಹೆಸರಿಟ್ಟವರು ತಿಳಿದೇ ಇಟ್ಟಿರಬೇಕೆಂದು ನನಗೆ ತೋರುತ್ತದೆ. ಬೆಳಕನ್ನು ಹಿಡಿಯುವುದು ಈಗ ಎಳೆಯ ಮಕ್ಕಳಿಗೂ ಬಂದಿರುವ ಕೆಲಸ; ನೆರಳನ್ನು ನೆರಳಾಗಿಯೇ ಉಳಿಸಿ, ಅದರೊಳಗಿರುವುದನ್ನೂ ಕಾಣಿಸುವುದು ಇಂದಿಗೂ ಕಷ್ಟವೇ. ಅದರಲ್ಲಿಯೂ ಬೆಟ್ಟದ ಮಗ್ಗುಲಲ್ಲಿ ವಾಸಮಾಡುವ ನಮ್ಮಂಥವರಿಗೆ ಈ ಕಷ್ಟವು ದಿನಬೆಳಗಾದರೆ ಎದುರಿಗೆ ನಿಲ್ಲುವುದು.

ಪಾಠಶಾಲೆಯಲ್ಲಿ ತರ್ಕ ವ್ಯಾಕರಣಗಳನ್ನು ಓದಿ, ಅನಂತರ ಪ್ರೌಢಶಾಲೆಗಳಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಹೇಳಿಕೊಟ್ಟು, ಈಗ ವಿಶ್ರಾಂತಿವೇತನವನ್ನು ಪಡೆಯುತ್ತಿರುವವನಿಗೆ ಈ ವಿಷಯದಲ್ಲಿ ಏನು ಅಧಿಕಾರವೆಂದು ವಾಚಕ ಮಹಾಶಯರು ಕೇಳಬಹುದು. ಅಧಿಕಾರವೇನೂ ಇಲ್ಲ, ಅಭ್ಯಾಸವುಂಟು. ನಾನು ನಿವೃತ್ತನಾದ ವರ್ಷ ಮಗನು ಒಂದು ಕ್ಯಾಮೆರಾವನ್ನು ತಂದುಕೊಟ್ಟನು. ಚಿತ್ರಗಳನ್ನು ಗಣಕಯಂತ್ರದಲ್ಲಿ ತಿದ್ದುವ ಬಗೆಯನ್ನು ಮೊಮ್ಮಗಳು ಕಲಿಸಿದಳು. “ತಾತ, ಮೌಸನ್ನು ಬಳಪದ ಹಾಗೆ ಹಿಡಿಯಬೇಡಿ” ಎಂದು ಅವಳು ಗದರಿಸಿದುದು ಇನ್ನೂ ಕಿವಿಯಲ್ಲಿದೆ. ಇಷ್ಟು ವರ್ಷ ಹುಡುಗರ ಬರಹವನ್ನು ಕೆಂಪುಶಾಯಿಯಿಂದ ತಿದ್ದಿದ ಕೈಗೆ ತಿದ್ದುವ ಚಪಲವು ಹೋಗಿರಲಿಲ್ಲವಾಗಿ, ಈ ವಿದ್ಯೆಯು ಬೇಗನೆ ಹಿಡಿಯಿತು.

ಯಳಂದೂರಿನ ಬಯಲಿನಲ್ಲಿ ಮಾರ್ಗಶಿರ ಪುಷ್ಯಮಾಸಗಳ ಬೆಳಗಿನ ಜಾವದಲ್ಲಿ ನಿಂತವರು ನಾನು ಹೇಳುವ ಕಷ್ಟವನ್ನು ಕೂಡಲೇ ತಿಳಿಯಬಲ್ಲರು. ಸೂರ್ಯನು ಆಗ ದಕ್ಷಿಣಕ್ಕೆ ವಾಲಿರುವುದರಿಂದ ಬಿಳಿಗಿರಿರಂಗನ ಬೆಟ್ಟದ ಸಾಲಿನ ಹಿಂದಿನಿಂದಲೇ ಏಳುವನು. ಬಾನೆಲ್ಲ ಕರಗಿದ ಬೆಳ್ಳಿಯಂತಿರುವುದು. ಬೆಟ್ಟದ ನಮ್ಮ ಕಡೆಯ ಮೈ, ಅದರ ಕೆಳಗಿನ ಕಾಡು, ಈಚೆಗೆ ಕೊಯ್ಲಾದ ಗದ್ದೆಗಳು, ಎಲ್ಲವೂ ನೆರಳಿನಲ್ಲಿರುವುವು. ಕಣ್ಣಿಗೆ ಎರಡೂ ಕಾಣುತ್ತವೆ. ಯಂತ್ರಕ್ಕೆ ಮಾತ್ರ ಎರಡರಲ್ಲೊಂದು: ಮೋಡದ ಅಂಚನ್ನು ಉಳಿಸಿದರೆ ಗದ್ದೆಯು ಮಸಿಯಾಗುತ್ತದೆ; ಗದ್ದೆಯನ್ನು ಉಳಿಸಿದರೆ ಬಾನು ಸುಣ್ಣ ಬಳಿದ ಗೋಡೆಯಾಗುತ್ತದೆ. ಹನೂರಿನಿಂದ ಮೂಡಲಿಗೆ ಮುಖಮಾಡಿ ಮಲೆ ಮಹದೇಶ್ವರನ ಬೆಟ್ಟಗಳನ್ನು ನೋಡುವವರಿಗೂ ಇದೇ ಪಾಡು. ಎಪ್ಪತ್ತೇಳು ಮಲೆಯೆಂದು ಕಂಸಾಳೆಯವರು ಹಾಡಿ ಕೊಂಡಾಡುವ ಆ ಸಾಲು, ಒಂದರ ಹಿಂದೊಂದು, ಹಿಂದಿನದು ಮುಂದಿನದಕ್ಕಿಂತ ತಿಳಿಯಾಗಿ, ಕಣ್ಣೆದುರಿಗೆ ಎಣಿಸಬಹುದಾದಂತೆ ನಿಂತಿರುವುದು; ಚಿತ್ರದಲ್ಲಿ ಅದೆಲ್ಲವೂ ಸೇರಿ ಒಂದೇ ಕರಿಯ ಗೋಡೆ. ಸಂಜೆ ಹೋಗಿ ಚಿತ್ರ ತೆಗೆಯಬಾರದೇ, ಆಗ ಬೆಳಕು ಬೆನ್ನ ಹಿಂದೆ ಇರುವುದಲ್ಲಾ ಎಂದು ಬುದ್ಧಿ ಹೇಳುವವರುಂಟು. ಅವರಿಗೆ ನನ್ನ ಉತ್ತರವಿಷ್ಟೆ: ಬೆಳಗಿನ ಮಂಜು ಸಂಜೆಯವರೆಗೆ ಕಾದಿರುವುದಿಲ್ಲ.

ಇದಕ್ಕೆ ಲೆಕ್ಕವೊಂದಿದೆ. ಬೆಳಕು ಒಂದು ಸಲ ಇಮ್ಮಡಿಯಾದರೆ ಅದನ್ನು ಒಂದು ಸ್ಟಾಪ್ ಎನ್ನುತ್ತಾರೆ. ಇಂದಿನ ಒಳ್ಳೆಯ ಕ್ಯಾಮೆರಾಗಳು 12ರಿಂದ 14 ಸ್ಟಾಪುಗಳವರೆಗಿನ ಅಂತರವನ್ನು ಒಂದೇ ಚಿತ್ರದಲ್ಲಿ ಹಿಡಿಯುತ್ತವೆ. 14 ಸಲ ಇಮ್ಮಡಿಸಿದರೆ 16,384 ಪಟ್ಟಾಗುವುದು. ಆದರೆ ಆ ಚಿತ್ರವನ್ನು ಕಾಗದದ ಮೇಲೆ ಇಳಿಸಹೊರಟರೆ, ಕಾಗದದ ಬಿಳುಪಿಗೂ ಶಾಯಿಯ ಕಪ್ಪಿಗೂ ಇರುವ ಅಂತರ ಒಳ್ಳೆಯ ಹೊಳಪುಕಾಗದದಲ್ಲಿ ನೂರಿನ್ನೂರು ಪಟ್ಟು; ಈ ನಮ್ಮ ಮಾಸಪತ್ರಿಕೆಯಂಥವುಗಳ ಕಾಗದದಲ್ಲಿ 50 ಪಟ್ಟೂ ದುರ್ಲಭ. ಖಂಡುಗ ಭತ್ತವನ್ನು ಪಾವಿನಲ್ಲಿ ತುಂಬಬೇಕಾದ ಸಂಕಟವಿದು. ಏನನ್ನಾದರೂ ಕುಗ್ಗಿಸಲೇಬೇಕು, ಏನನ್ನಾದರೂ ಬಿಡಲೇಬೇಕು. ಕ್ಯಾಮೆರಾ ತಾನೇ ಸಿದ್ಧಮಾಡಿ ಕೊಡುವ ಚಿತ್ರದಲ್ಲಿಯೂ ಈ ಕುಗ್ಗಿಸುವಿಕೆ ನಡೆದೇ ಇರುತ್ತದೆ. ಅದನ್ನು ನಡೆಸಿದವನು ಯಂತ್ರವನ್ನು ರಚಿಸಿದ ಯಾವನೋ ಒಬ್ಬ ಪರದೇಶದ ಶಿಲ್ಪಿ, ಅವನು ಬಿಳಿಗಿರಿಯನ್ನು ಕಂಡವನಲ್ಲ. ಆದುದರಿಂದ “ನಾನು ಚಿತ್ರವನ್ನು ಮುಟ್ಟಿಯೇ ಇಲ್ಲ, ಇದ್ದುದು ಇದ್ದ ಹಾಗೆಯೇ ಇದೆ” ಎಂದು ಹೆಮ್ಮೆಪಡುವವರ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ನಮ್ಮ ಕಣ್ಣು ಎಲ್ಲವನ್ನೂ ಒಂದೇ ನೋಟದಲ್ಲಿ ನೋಡುವುದಿಲ್ಲ. ಬಾನಿನ ಕಡೆಗೆ ತಿರುಗಿದಾಗ ಪಾಪೆಯು ಕಿರಿದಾಗುತ್ತದೆ, ಕಾಡಿನ ಕಡೆಗೆ ತಿರುಗಿದಾಗ ಹಿಗ್ಗುತ್ತದೆ. ಹೀಗೆ ಹತ್ತಾರು ಸಲ ಹೋಗಿ ಬಂದು ತಂದುದನ್ನೆಲ್ಲ ಮನಸ್ಸು ಸೇರಿಸಿಕೊಂಡು ‘ಕಂಡೆನು’ ಎನ್ನುತ್ತದೆ. ತಿದ್ದುವವನು ಮಾಡತಕ್ಕದ್ದು ಮನಸ್ಸಿನ ಆ ಕೆಲಸವನ್ನೇ.

ಸೂರ್ಯನ ತೇಜಸ್ಸನ್ನು ತಾಳಲಾರದೆ ಸಂಜ್ಞಾದೇವಿಯು ತನ್ನ ನೆರಳಾದ ಛಾಯೆಯನ್ನು ಮನೆಯಲ್ಲಿರಿಸಿ ತವರಿಗೆ ಹೋದ ಕಥೆಯನ್ನು ಪುರಾಣ ಕೇಳಿದವರೆಲ್ಲ ಬಲ್ಲರು. ಮಗಳ ಕಷ್ಟವನ್ನು ಪರಿಹರಿಸಲು ವಿಶ್ವಕರ್ಮನು ಅಳಿಯನನ್ನೇ ಸಾಣೆಯ ಚಕ್ರಕ್ಕೇರಿಸಿ ತೇಜಸ್ಸನ್ನು ಹೆರೆದನಂತೆ. ಹೆರೆದ ಚೂರುಗಳಿಂದ ವಿಷ್ಣುವಿನ ಚಕ್ರವೂ ಶಿವನ ತ್ರಿಶೂಲವೂ ಆದುವಂತೆ. ಗಣಕಯಂತ್ರದಲ್ಲಿ ‘ಹೈಲೈಟ್’ ಎಂಬ ಸರಳಿನ ಗುಂಡಿಯನ್ನು ಎಡಕ್ಕೆ ಸರಿಸಿ ಬಾನಿನ ಹೊಳಪನ್ನು ತಗ್ಗಿಸುವಾಗಲೆಲ್ಲ ನನಗೆ ಈ ಕಥೆ ನೆನಪಾಗುವುದು. ವಿಶ್ವಕರ್ಮನು ಸೂರ್ಯನನ್ನು ಹೆರೆದನೇ ಹೊರತು ಆರಿಸಲಿಲ್ಲ ಎಂಬುದನ್ನು ಹೊಸದಾಗಿ ಈ ವಿದ್ಯೆಯನ್ನು ಕಲಿತವರು ಗಮನಿಸಬೇಕು. ಮೋಡವೆಲ್ಲ ಸೀಸದ ಬಣ್ಣಕ್ಕೆ ತಿರುಗಿ, ಪ್ರಾತಃಕಾಲವು ಗ್ರಹಣಕಾಲವಾಗಿ ತೋರುವ ಚಿತ್ರಗಳನ್ನು ನಾವು ಪ್ರತಿದಿನವೂ ನೋಡುತ್ತಿರುವೆವಷ್ಟೆ.

ಈ ತಿದ್ದುವಿಕೆಯು ಗಣಕಯಂತ್ರದೊಡನೆ ಹುಟ್ಟಿದುದೆಂದು ಕೆಲವರು ತಿಳಿದಿದ್ದಾರೆ. ಅದು ಸರಿಯಲ್ಲ. 19ನೆಯ ಶತಮಾನದ ಗಾಜಿನ ಫಲಕಗಳಿಗೆ ನೀಲಿಯ ಬೆಳಕು ಮಿತಿಮೀರಿ ತಾಕುತ್ತಿದ್ದುದರಿಂದ ನೆಲವು ಮೂಡುವ ಹೊತ್ತಿಗೆ ಆಕಾಶವು ಬರಿಯ ಬಿಳುಪಾಗುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ ಎಂಬಾತನು 1856–57ರ ಸುಮಾರಿನಲ್ಲಿ ಕಡಲಿಗೊಂದು ಫಲಕ, ಬಾನಿಗೊಂದು ಫಲಕವನ್ನು ಬೇರೆಬೇರೆಯಾಗಿ ಹಿಡಿದು, ಎರಡನ್ನೂ ಒಂದೇ ಕಾಗದದ ಮೇಲೆ ಮುದ್ರಿಸಿ ಜನರನ್ನು ಬೆರಗುಗೊಳಿಸಿದನು. ಆತನು ಒಂದೇ ಬಾನನ್ನು ಎರಡು ಮೂರು ಕಡಲುಗಳ ಮೇಲೆ ಹೊದಿಸಿದುದೂ ಉಂಟು. ಅಷ್ಟು ದೂರವೇಕೆ? ಬೆಂಗಳೂರಿನಲ್ಲಿದ್ದ ಲಿನಿಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿಯು 1854ರ ಕೊನೆಯಲ್ಲಿ ಹಳೇಬೀಡು ಬೇಲೂರುಗಳ ಚಿತ್ರಗಳನ್ನು ತೆಗೆದವನು. ಮರುವರ್ಷ ಬರ್ಮಾ ದೇಶಕ್ಕೆ ಹೋಗಿ ತಂದ ಕಾಗದದ ನೆಗೆಟಿವುಗಳ ಮೇಲೆ ಅವನು ಕುಂಚವನ್ನು ಹಿಡಿದು ಮೋಡಗಳನ್ನೇ ಬರೆದನು. 1927ರ ಏಪ್ರಿಲ್ 10ರಂದು ಅಮೆರಿಕದ ಯೋಸೆಮಿಟಿ ಕಣಿವೆಯಲ್ಲಿ ಆನ್ಸೆಲ್ ಆಡಮ್ಸನು ಗಾಢವಾದ ಕೆಂಪುಗಾಜನ್ನು ಮಸೂರದ ಮುಂದಿಟ್ಟು ಹಾಫ್ ಡೋಮ್ ಎಂಬ ಬಂಡೆಯ ಹಿಂದಿನ ನೀಲಿಯ ಬಾನನ್ನು ಕಪ್ಪಾಗಿಸಿದನು. ಮನಸ್ಸಿಗೆ ತೋರಿದ ಬಾನು ಹಾಗಿತ್ತೆಂಬುದು ಅವನ ಸಮರ್ಥನೆ. ನಮ್ಮವರೇ ಆದ ಸಂಡೂರಿನ ಎಂ. ವೈ. ಘೋರ್ಪಡೆಯವರು ರಾಜ್ಯದ ಅರ್ಥಮಂತ್ರಿಗಳಾಗಿದ್ದವರು, ಅಡವಿಯ ಮೃಗಗಳನ್ನು ಕಪ್ಪುಬಿಳುಪಿನಲ್ಲಿ ಹಿಡಿದವರು. 1983ರಲ್ಲಿ ಪ್ರಕಟವಾದ ತಮ್ಮ ಪುಸ್ತಕಕ್ಕೆ ಬಿಸಿಲು ನೆರಳುಗಳ ಹೆಸರನ್ನೇ ಇಟ್ಟರು.

ಎರವಲು ಮೋಡದ ವಿಷಯದಲ್ಲಿ ನನ್ನ ಅಭಿಪ್ರಾಯವು ಕಟುವಾದುದು. ಈಗಿನ ತಂತ್ರಾಂಶಗಳು ಬಾನನ್ನು ತಾವೇ ಗುರುತಿಸಿ, ಕತ್ತರಿಸಿ ತೆಗೆದು, ಎಲ್ಲಿಯದೋ ಒಂದು ಸಂಧ್ಯಾರಾಗವನ್ನು ಕ್ಷಣದಲ್ಲಿ ಅಂಟಿಸಿಕೊಡುತ್ತವೆ. ಕವಿಗೆ ಕವಿಸಮಯವುಂಟು, ಕೆರೆಯಿದ್ದಲ್ಲೆಲ್ಲ ತಾವರೆಯನ್ನೂ ಹಂಸವನ್ನೂ ಇರಿಸಬಹುದು, ಯಾರೂ ಆಕ್ಷೇಪಿಸುವುದಿಲ್ಲ. ಅಡಿಯಲ್ಲಿ ‘ಬಿಳಿಗಿರಿರಂಗನ ಬೆಟ್ಟ’ ಎಂದು ಹೆಸರು ಬರೆದ ಚಿತ್ರಕ್ಕೆ ಆ ಸ್ವಾತಂತ್ರ್ಯವಿಲ್ಲ.

ಇನ್ನು ಕೆಲಸದ ಕ್ರಮ. ನಾನು ಬಾನಿಗೆ ಹೊಂದುವಂತೆ ಬೆಳಕನ್ನು ಅಳೆದು ಚಿತ್ರವನ್ನು ತೆಗೆಯುತ್ತೇನೆ, ಅಂದರೆ ನೆಲವನ್ನು ಕತ್ತಲಿಗೆ ಬಿಡುತ್ತೇನೆ. ಏತಕ್ಕೆಂದರೆ ಬಿಳುಪಾಗಿ ಹೊರಟುಹೋದ ಮೋಡವನ್ನು ಮರಳಿ ತರುವ ಉಪಾಯವಿಲ್ಲ. ಕಪ್ಪಿನಲ್ಲಿ ಮುಳುಗಿದ ನೆಲವನ್ನು ಬಹುಮಟ್ಟಿಗೆ ಎತ್ತಬಹುದು. ಈ ಎತ್ತುವುದಕ್ಕೂ ಮಿತಿಯುಂಟು. ಕ್ಯಾಮೆರಾದ ಹಸಿಯ ಕಡತದಲ್ಲಿ, ಅಂದರೆ ‘ರಾ’ ಎಂಬುದರಲ್ಲಿ, 14 ಬಿಟ್ ಲೆಕ್ಕಕ್ಕೆ 16,384 ಅಂತಸ್ತುಗಳಿದ್ದರೆ, ಅತ್ಯಂತ ಬೆಳಕಿನ ಮೊದಲನೆಯ ಸ್ಟಾಪೇ ಅವುಗಳಲ್ಲಿ ಅರ್ಧವನ್ನು, ಎಂದರೆ 8,192ನ್ನು ಕಬಳಿಸುವುದು, ಮುಂದಿನದು 4,096ನ್ನು, ಹೀಗೆ ಹಂಚಿಹೋಗಿ ಕೊನೆಯ ಕತ್ತಲೆಯ ಪಾಲಿಗೆ ಬೆರಳಲ್ಲಿ ಎಣಿಸುವಷ್ಟು ಮಾತ್ರ ಉಳಿಯುವುದು. ಊರಿನ ಹಂಚಿಕೆಗಳಲ್ಲಿಯೂ ತಗ್ಗಿನ ಕೇರಿಯವರಿಗೆ ಹೀಗೆಯೇ ಆಗುವುದನ್ನು ಕಂಡಿದ್ದೇವೆ.

ಪಾಠಶಾಲೆಯಲ್ಲಿ ತರ್ಕಸಂಗ್ರಹದ ದೀಪಿಕೆಯನ್ನು ಓದಿದವರಿಗೆ ಇಲ್ಲಿ ಒಂದು ಹಳೆಯ ಜಗಳ ನೆನಪಾಗದಿರದು. ನೈಯಾಯಿಕರು ದ್ರವ್ಯಗಳು ಒಂಬತ್ತೆನ್ನುವರು. ಕತ್ತಲೆಯು ಕಪ್ಪಾಗಿದೆ, ಚಲಿಸುತ್ತದೆ, ಆದುದರಿಂದ ಅದು ಹತ್ತನೆಯ ದ್ರವ್ಯವೇಕಾಗಬಾರದು ಎಂದು ಭಾಟ್ಟಮೀಮಾಂಸಕರ ಪಕ್ಷ. ಕತ್ತಲೆಯೆಂಬುದು ವಸ್ತುವೇ ಅಲ್ಲ, ತೇಜಸ್ಸಿನ ಅಭಾವ ಮಾತ್ರ ಎಂದು ಇವರ ಸಿದ್ಧಾಂತ. ಹದಿನಾರನೆಯ ವಯಸ್ಸಿನಲ್ಲಿ ನಾನು ಸಿದ್ಧಾಂತವನ್ನು ಕಂಠಪಾಠಮಾಡಿ ಒಪ್ಪಿಸಿದ್ದೆನು. ಅರವತ್ತು ದಾಟಿದ ಮೇಲೆ ಗಣಕಯಂತ್ರದ ಮುಂದೆ ಕುಳಿತಾಗ ಕತ್ತಲೆಯಲ್ಲಿ ಎರಡು ಜಾತಿಯಿದೆಯೆಂದು ತಿಳಿಯಿತು. ಒಂದು ಕತ್ತಲೆಯನ್ನು ಎತ್ತಿದರೆ ಅದರೊಳಗಿಂದ ಹುಲ್ಲು, ಬಂಡೆ, ಬಿದಿರುಮೆಳೆ, ಕಾಲುದಾರಿ ಒಂದೊಂದಾಗಿ ಎದ್ದು ಬರುವುವು. ಇದನ್ನು ಮೀಮಾಂಸಕರ ಕತ್ತಲೆಯೆಂದು ಕರೆದಿದ್ದೇನೆ. ಇನ್ನೊಂದನ್ನು ಎಷ್ಟು ಎತ್ತಿದರೂ ಕೆಂಪು ಹಸುರಿನ ಮರಳುಪುಡಿ ಹೊರತು ಏನೂ ಬರುವುದಿಲ್ಲ, ಅದು ನೈಯಾಯಿಕರದು. ಮೊಮ್ಮಗಳಿಗೂ ಈ ಹೆಸರುಗಳು ಈಗ ಬಾಯಿಪಾಠವಾಗಿವೆ. ನಾವು ಬಳಸುವ ಉಚಿತ ತಂತ್ರಾಂಶಕ್ಕೆ ‘ಡಾರ್ಕ್‌ಟೇಬಲ್’ ಎಂದು ಹೆಸರು, ಹಣವುಳ್ಳವರು ಕೊಳ್ಳುವುದಕ್ಕೆ ‘ಲೈಟ್‌ರೂಂ’. ಒಂದು ಕತ್ತಲೆಯ ಪಕ್ಷ, ಒಂದು ಬೆಳಕಿನ ಪಕ್ಷ, ಜಗಳವು ಅಲ್ಲಿಯೂ ತೀರಿದಂತಿಲ್ಲ.

ಒಂದೇ ಚಿತ್ರದಲ್ಲಿ ಆಗದಿದ್ದರೆ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಎರಡೆರಡು ಸ್ಟಾಪುಗಳ ಅಂತರದಲ್ಲಿ ಮೂರು ಚಿತ್ರಗಳನ್ನು ತೆಗೆದು ಜೋಡಿಸಬಹುದು. ಬರಿಯ ಬಂಡೆಯಾದರೆ ಇದು ಸೊಗಸಾಗಿ ಒದಗುವುದು. ಗಾಳಿಗೆ ಬಿದಿರು ತೂಗುತ್ತಿದ್ದರೆ ಒಂದೇ ಎಲೆಯು ಮೂರೆಡೆಯಲ್ಲಿ ಪ್ರೇತದಂತೆ ನಿಲ್ಲುವುದು. ಮೇಲಿಂದ ಕೆಳಕ್ಕೆ ಕಪ್ಪು ತಿಳಿಯಾಗುತ್ತ ಬರುವ ಗಾಜಿನ ಫಿಲ್ಟರುಗಳು ಕಡಲತೀರದವರಿಗೆ ಸರಿ. ಅವರ ದಿಗಂತವು ನೇರವಾಗಿದೆ. ಬೆಟ್ಟಕ್ಕೆ ಅದನ್ನು ಹಿಡಿದರೆ ಬಾನಿನ ಜೊತೆಗೆ ಶಿಖರವೂ ದೇವಾಲಯದ ಗೋಪುರವೂ ಮುಸುಕಾಗುತ್ತವೆ. ಆದುದರಿಂದ ಬೆಟ್ಟದ ಏರಿಳಿತವನ್ನೇ ಅನುಸರಿಸಿ, ಬೆಳಕಿನ ಪ್ರಮಾಣಕ್ಕೆ ತಕ್ಕಂತೆ ತಂತ್ರಾಂಶದಲ್ಲಿ ಒಂದು ಮುಸುಕನ್ನು ರಚಿಸಿ, ಅದರ ಹೊರಗೊಂದು ಒಳಗೊಂದು ತಿದ್ದುಪಾಟು ಮಾಡಬೇಕಾಗುತ್ತದೆ. ಇಲ್ಲಿ ಅವಸರಪಟ್ಟರೆ ಬೆಟ್ಟದ ಅಂಚಿನುದ್ದಕ್ಕೂ ಬಿಳಿಯ ಪಟ್ಟಿಯೊಂದು ಏಳುವುದು. ಉತ್ಸವಮೂರ್ತಿಗೆ ಪ್ರಭಾವಳಿ ಶೋಭೆ. ಬೆಟ್ಟಕ್ಕೆ ಅದು ಸುಳ್ಳನ್ನು ಸಾರುವ ಡಂಗುರ. ಮುಂದೆ ಕೆರೆಯಿದ್ದರೆ ನೀರಿನಲ್ಲಿ ಬಿದ್ದ ಬಾನು ಮೇಲಿನ ಬಾನಿಗಿಂತ ಬೆಳ್ಳಗಿರಕೂಡದೆಂಬುದನ್ನೂ ನೋಡಿಕೊಳ್ಳಬೇಕು. ಪ್ರತಿಬಿಂಬವು ಬಿಂಬಕ್ಕಿಂತ ಹೊಳೆಯುವ ಚಿತ್ರಗಳು ಪ್ರದರ್ಶನಗಳಲ್ಲಿ ಬಹುಮಾನವನ್ನು ಪಡೆದಿರುವುದನ್ನು ನೋಡಿ ನಕ್ಕಿದ್ದೇನೆ.

ನೆರಳನ್ನು ಎಷ್ಟು ಎತ್ತಬೇಕು? ವಿಷ್ಣುಧರ್ಮೋತ್ತರಪುರಾಣದ ಚಿತ್ರಸೂತ್ರದಲ್ಲಿ ನೆರಳಿನಿಂದ ಮೈದುಂಬಿಸುವುದಕ್ಕೆ ‘ವರ್ತನೆ’ಯೆಂದು ಹೆಸರು, ಎಲೆಯ ನರದಂಥ ಗೆರೆಗಳಿಂದ, ನವುರಾದ ಎಳೆಗಳಿಂದ, ಚುಕ್ಕೆಗಳಿಂದ ಎಂದು ಅದರಲ್ಲಿ ಮೂರು ಬಗೆ. ತಗ್ಗನ್ನೂ ಉಬ್ಬನ್ನೂ ಬೇರೆಬೇರೆಯಾಗಿ ತೋರಿಸಬಲ್ಲವನೇ ಚಿತ್ರವನ್ನು ಬಲ್ಲವನೆಂದು ಆ ಗ್ರಂಥದ ಮತ. ಶಾಕುಂತಲದ ಆರನೆಯ ಅಂಕದಲ್ಲಿ ದುಷ್ಯಂತನು ಬರೆದ ಚಿತ್ರವನ್ನು ನೋಡಿ ವಿದೂಷಕನು ತನ್ನ ದೃಷ್ಟಿಯು ಅದರ ಹಳ್ಳದಿಣ್ಣೆಗಳಲ್ಲಿ ಎಡವುತ್ತಿದೆಯೆಂದು ಮೆಚ್ಚುತ್ತಾನೆ. ನನಗೆ ಆ ವಿದೂಷಕನೇ ಪ್ರಮಾಣ. ನೆರಳನ್ನೆಲ್ಲ ಬಾಚಿ ಎತ್ತಿದ ಚಿತ್ರದಲ್ಲಿ ಕಣ್ಣು ಎಡವುವುದಿಲ್ಲ. ಬೆಟ್ಟವೂ ಬಯಲೂ ಒಂದೇ ಸಮನಾಗಿ ಚಾಪೆಯಂತೆ ಹರಡಿಕೊಂಡಿರುತ್ತವೆ. ನಾನು ನೆಲವನ್ನು ಬಾನಿಗಿಂತ ಒಂದೂವರೆ ಸ್ಟಾಪಿನಷ್ಟಾದರೂ ಕಪ್ಪಾಗಿ ಉಳಿಸುತ್ತೇನೆ, ಮತ್ತು ನೆರಳಿನ ನೀಲಿಛಾಯೆಯನ್ನು ತೊಳೆದುಹಾಕುವುದಿಲ್ಲ. ಬೆಳಗಿನ ಆರೂವರೆ ಗಂಟೆಯು ಚಿತ್ರದಲ್ಲಿಯೂ ಆರೂವರೆಯಾಗಿಯೇ ಇರಬೇಕು.

ಇಷ್ಟೆಲ್ಲ ಶ್ರಮವು ಏತಕ್ಕೆಂದು ನನಗೆ ಸ್ಪಷ್ಟವಾದುದು ಬೆಟ್ಟದ ಮೇಲಿನ ಒಂದು ಸೋಲಿಗರ ಪೋಡಿನಲ್ಲಿ. ಅಲ್ಲಿ ನನ್ನ ಹಳೆಯ ಶಿಷ್ಯನೊಬ್ಬನಿದ್ದಾನೆ. ಅವನ ತಂದೆಯವರು ಎಪ್ಪತ್ತೈದು ದಾಟಿದವರು. ಜೇನಿಗೂ ನೆಲ್ಲಿಕಾಯಿಗೂ ಆ ಕಣಿವೆಯನ್ನೆಲ್ಲ ಅಂಗಾಲಿನಿಂದ ಅಳೆದವರು. ರಸ್ತೆಯ ತಿರುವೊಂದರಿಂದ ಮುಂಜಾನೆ ಕಣಿವೆಯ ಕಡೆಗೆ ತೆಗೆದಿದ್ದ ಒಂದೇ ಚಿತ್ರದ ಎರಡು ಪ್ರತಿಗಳನ್ನು ಅವರ ಮುಂದಿಟ್ಟೆನು. ಒಂದು ಕ್ಯಾಮೆರಾ ಕೊಟ್ಟಂತೆಯೇ ಇದ್ದುದು: ಮೇಲೆ ಹೊನ್ನಿನ ಮೋಡ, ಕೆಳಗೆ ಕಪ್ಪು. ಅದನ್ನು ಅವರು ಬಹಳ ಹೊತ್ತು ನೋಡಿದರು. “ಮೋಡವೇನೋ ಚೆಂದಾಗದ ಮೇಷ್ಟ್ರೇ. ನಮ್ಮ ಪೋಡು ಎಲ್ಲದ?” ಎಂದರು.

ಎರಡನೆಯದನ್ನು ಕೈಗೆ ಕೊಟ್ಟೆನು. ಅವರ ಬೆರಳು ತಾನಾಗಿ ನಡೆಯತೊಡಗಿತು: ಹಳ್ಳ, ಹಳ್ಳದ ಆಚೆ ಹಳೆಯ ಹೊಲ, ಕಾಫಿಯ ಗಿಡಗಳು, ತಮ್ಮ ದೇವರ ಬನದ ಮರ. ಒಂದು ಇಳಿಜಾರಿನಲ್ಲಿ, ನಾನು ಎಳೆಯ ಕಾಡೆಂದೇ ಎಣಿಸುತ್ತ ತಿಳಿಹಸುರಾಗಿ ಎತ್ತಿ ಉಳಿಸಿದ್ದ ಕಡೆ, ಬೆರಳು ನಿಂತಿತು. “ಇದು ಕಾಡಲ್ಲ. ಲಾಂಟಾನ” ಎಂದರು. ಅಲ್ಲಿಂದ ಮತ್ತೊಂದು ಇಳಿಜಾರಿಗೆ ಹೋಗಿ, “ಇದೂ ಅದೇಯ” ಎಂದರು.

ಅಮೆರಿಕ ಖಂಡದ ಉಷ್ಣವಲಯದ ಈ ಗಿಡವನ್ನು 19ನೆಯ ಶತಮಾನದ ಆದಿಯಲ್ಲಿ ಹೂವಿನ ಚೆಲುವಿಗಾಗಿ ನಮ್ಮ ದೇಶಕ್ಕೆ ತಂದರು. ಇಂದು ಅದು ಈ ಬೆಟ್ಟಗಳ ನೆಲವನ್ನು ಆಳೆತ್ತರದ ಪೊದೆಯಾಗಿ ಮುಸುಕಿ, ಹುಲ್ಲಿಗೂ ಸಸಿಗೂ ಎಡೆಯಿಲ್ಲದಂತೆ ಮಾಡಿದೆ. ಹಿಂದೆ ಸೋಲಿಗರು ಬೇಸಗೆಯ ಆರಂಭದಲ್ಲಿ ತರಗೆಲೆಗೆ ಸಣ್ಣ ಉರಿಯನ್ನು ಹಾಕುತ್ತಿದ್ದರು. ಅದಕ್ಕೆ ತರಗುಬೆಂಕಿಯೆಂದು ಹೆಸರು. 1974ರಲ್ಲಿ ವನ್ಯಜೀವಿಧಾಮವಾದ ಮೇಲೆ ಅದು ನಿಂತಿತು. ಬೆಂಕಿ ನಿಂತುದರಿಂದಲೇ ಲಾಂಟಾನವು ಬೆಳೆಯಿತೆಂದು ಅವರ ಅನುಭವದ ಮಾತು. ಆ ಮಾತನ್ನು ಪರೀಕ್ಷಿಸಿ ಬರೆದ ವಿಜ್ಞಾನಿಗಳೂ ಉಂಟು. 2011ರಲ್ಲಿ ಇಲ್ಲಿ ಹುಲಿಧಾಮವಾಯಿತು. ಅದೇ ವರ್ಷ ಅರಣ್ಯಹಕ್ಕಿನ ಕಾಯಿದೆಯಂತೆ ಸೋಲಿಗರ ಗ್ರಾಮಸಭೆಗಳಿಗೆ ಕಾಡಿನ ಮೇಲೆ ಸಾಮುದಾಯಿಕ ಹಕ್ಕುಗಳೂ ಬಂದುವು. ಮಲೆ ಮಹದೇಶ್ವರನ ಬೆಟ್ಟದ ಕಡೆ ಲಾಂಟಾನದ ಕಡ್ಡಿಗಳನ್ನು ಬೇಯಿಸಿ ಸಿಪ್ಪೆ ತೆಗೆದು ಕುರ್ಚಿ ಬುಟ್ಟಿಗಳನ್ನು ಹೆಣೆಯುವವರಿದ್ದಾರೆ. ಹೆಣೆದಷ್ಟೂ ಮುಗಿಯದಷ್ಟು ಕಡ್ಡಿ ಅಲ್ಲಿದೆ.

ಅದೇ ವರ್ಷದ ಕೊನೆಯಲ್ಲಿ ಒಂದು ಸಂಸ್ಥೆಯವರು ದಿನದರ್ಶಿಕೆಗೆಂದು ಬೆಟ್ಟದ ಚಿತ್ರವನ್ನು ನನ್ನಿಂದ ಕೇಳಿದ್ದರು. ತಿದ್ದಿದ ಪ್ರತಿಯನ್ನು ಕೊಟ್ಟೆನು. “ಪಂಡಿತರೇ, ಕೆಳಗೆ ಇಷ್ಟೊಂದು ಪೊದೆ ಕಾಣುತ್ತದಲ್ಲಾ, ಕಪ್ಪಾಗಿಯೇ ಇದ್ದರೆ ಗಂಭೀರವಾಗಿರುತ್ತಿತ್ತು” ಎಂದು ಅವರಲ್ಲೊಬ್ಬರು ಹೇಳಿದರು. ಇನ್ನೊಬ್ಬರು ತಿಳಿದವರು, ಹಸುರಿನ ವರ್ಣವನ್ನು ತುಸು ಗಾಢದ ಕಡೆಗೆ ಸರಿಸಿದರೆ ಸಾಕು, ದಟ್ಟಡವಿಯಂತೆ ತೋರುವುದೆಂದು ಸಲಹೆ ಕೊಟ್ಟರು. ಅದು ನಿಜವೇ. ಅರ್ಧ ಅಂಗುಲ ಗುಂಡಿಯನ್ನು ಸರಿಸಿದರೆ ಲಾಂಟಾನವೆಲ್ಲ ಮತ್ತಿಯೂ ಹೊನ್ನೆಯೂ ಆಗಿಬಿಡುವುದು. ಅರಣ್ಯ ಇಲಾಖೆಯವರಿಗಾಗಲಿ ಸೋಲಿಗರಿಗಾಗಲಿ ಇಷ್ಟು ಸುಲಭದ ಉಪಾಯವು ದೊರೆತಿಲ್ಲ. ಗುಂಡಿಯನ್ನು ಸರಿಸಲು ನಾನು ಒಪ್ಪಲಿಲ್ಲ. ಬಾನಿನ ಹೊಳಪನ್ನು ತಗ್ಗಿಸಿದವನು, ನೆಲದ ಕತ್ತಲನ್ನು ಎತ್ತಿದವನು, ಹಸುರಿನಲ್ಲಿ ಮಾತ್ರ ಇಷ್ಟು ಮಡಿಯೇಕೆ ಎಂದು ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಮೊದಲಿನವೆರಡರಿಂದ ಕಣಿವೆಯಲ್ಲಿ ಇರುವುದು ಕಾಣುವುದು. ಮೂರನೆಯದರಿಂದ ಇರುವುದು ಮರೆಯಾಗುವುದು ಎಂದು ಹೇಳಿದೆನು. ಅವರು ನಕ್ಕು, ಬೇರೆ ಕಡೆಯಿಂದ ಚಿತ್ರವನ್ನು ತರಿಸಿ ಅಚ್ಚುಹಾಕಿಸಿದರು. ಅದರ ಬಾನು ಬಹಳ ಸೊಗಸಾಗಿತ್ತು, ಬೆಟ್ಟವು ಕಪ್ಪಾಗಿತ್ತು. ನಮ್ಮ ಮನೆಯ ನಡುಮನೆಯಲ್ಲಿಯೂ ಆ ವರ್ಷ ಅದೇ ತೂಗುತ್ತಿತ್ತು.

ನನ್ನ ಚಿತ್ರವನ್ನು ಮೈಸೂರಿನಲ್ಲಿ ಮುದ್ರಿಸಿದೆನು. ಕಾಗದವು ತೆರೆಗಿಂತ ಮಂಕು. ಆದಕಾರಣ ಮುದ್ರಣಕ್ಕೆಂದು ನೆರಳನ್ನು ಇನ್ನು ಅರ್ಧ ಸ್ಟಾಪಿನಷ್ಟು ಎತ್ತಬೇಕಾಯಿತು, ಎರಡು ಪ್ರತಿ ಹಾಳಾದುವು, ಮೂರನೆಯದು ಬಂದಿತು. ಅದಕ್ಕೆ ಗಾಜು ಹಾಕಿಸಿ ಪೋಡಿಗೆ ತೆಗೆದುಕೊಂಡು ಹೋಗಿ ಕೊಟ್ಟೆನು. ಅವರು ಅದನ್ನು ಬಾಗಿಲಿಗೆ ಎದುರಾದ ಗೋಡೆಗೆ ತೂಗುಹಾಕಿದ್ದಾರೆ. ಬೆಳಗ್ಗೆ ಬಾಗಿಲು ತೆರೆದರೆ ಗಾಜಿನ ಮೇಲ್ಭಾಗಕ್ಕೆ ಬಿಸಿಲು ಬಿದ್ದು, ಅಷ್ಟು ಕಷ್ಟಪಟ್ಟು ಉಳಿಸಿದ ಮೋಡವೆಲ್ಲ ಬಿಳುಪಾಗಿ ಹೋಗುತ್ತದೆ. ಕೆಳಗಿನ ಕಣಿವೆಯೂ ಹಳ್ಳವೂ ಲಾಂಟಾನವೂ ಚೆನ್ನಾಗಿ ಕಾಣುತ್ತವೆ.